ಅವರನ್ನ ಕೇಳ್ರಿ

ಹೋದ ಮಳೆಗಾಲದಲ್ಲಿ ಕಾಳಿ ನದಿ ಉಕ್ಕಿ ದಾಂಡೇಲಿಯ ಇರ್ಫಾನನ ಮನೆಯನ್ನು ಗೋಡೆ ಸಮೇತ ಎಳೆದುಕೊಂಡು ಹೋಗಿತ್ತು. ಹಾನಿ ನೋಡಲು ದಿಲ್ಲಿಯಿಂದ ಬಂದಿದ್ದ ಸಾಹೇಬ, ಇರ್ಫಾನನ ತಾಯಿ ಮಹೆಜಬೀನ ಕೈಮುಗಿದು ಅತ್ತರೂ ಛತ್ರಿಯ ಕೆಳಗಿಂದ ಕದಲದೆ, "ನೆರೆ ಪರಿಹಾರ ಇನ್ನು ಕೇಂದ್ರದ ಜವಾಬ್ದಾರಿಯಲ್ಲಮ್ಮ, ರಾಜ್ಯದ್ದು. ಅವರನ್ನು ಕೇಳಿ," ಎಂದಿದ್ದ. ರಾಜ್ಯದವರು ದಿಲ್ಲಿಯ ಕಡೆ ಬೆರಳು ತೋರಿಸಿದರು. ತಾಯಿ ಇಂದಿಗೂ ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೇ ಮಲಗುತ್ತಾಳೆ.

ಇವತ್ತು ಅದೇ ಸಾಹೇಬ ಮೋಜಿಗೆಂದು ಬಂದು ಇರ್ಫಾನ ನಡೆಸುವ ರಾಫ್ಟಿಂಗ್ ದೋಣಿ ಹತ್ತಿದ್ದ. ಅಂದು ತಾಯಿಯ ಪಕ್ಕದಲ್ಲೇ ನಿಂತಿದ್ದ ಇವನ ಗುರುತು ಅವನಿಗೆ ಹತ್ತಲಿಲ್ಲ. ಇರ್ಫಾನನಿಗೆ ಮಾತ್ರ ಆ ದನಿ ಕೇಳಿದೊಡನೆ ಮೈಯೆಲ್ಲ ಉರಿಯಿತು.

ಬಂಡೆಗಳ ನಡುವಿನ ಸೆಳವಿನಲ್ಲಿ ದೋಣಿ ಎಗರಿ ಸಾಹೇಬ ನೀರಿಗೆ ಬಿದ್ದ. ಲೈಫ್ ಜಾಕೆಟ್ ತೇಲಿಸುತ್ತಿದ್ದರೂ ನೀರು ಕುಡಿಯುತ್ತ, "ಹಗ್ಗ ಎಸೆಯಪ್ಪಾ!" ಎಂದು ಅರಚಿದ.

ಹಗ್ಗ ಇರ್ಫಾನನ ಕೈಯಲ್ಲೇ ಇತ್ತು. ಅದನ್ನು ನಿಧಾನವಾಗಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ.

"ಸಾಹೇಬ್ರ, ದೋಣ್ಯಾಗ ಕುಂತವರಷ್ಟ ನನ್ನ ಜವಾಬ್ದಾರಿ. ನೀರಿಗೆ ಬಿದ್ದವರನ್ನ ಹಿಂದಿನ ದೋಣಿಯವರು ನೋಡ್ಕೋತಾರ. ಅವರನ್ನ ಕೇಳ್ರಿ."

ಸಾಹೇಬ ಒದ್ದಾಡುತ್ತ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾವ ದೋಣಿಯೂ ಇರಲಿಲ್ಲ.