ಹಳದಿ ಮೂಗಿನ ತೊರಕೆ

ಬೂದು ಬಣ್ಣದ ವ್ಯಾನು ಏರಿನ ಮೇಲೆ ಬಂದು ನಿಂತಿದೆ, ವೈಪರ್ ಗಾಜಿನ ಮೇಲೆ ಒಂದು ಸಲ ಆಡಿ ಸುಮ್ಮನಾಯಿತು, ನಿಂತಿದೆ, ಇನ್ನೂ ನಿಂತಿದೆ — ಎಲ್ಸಿರಾ ತಲೆ ಎತ್ತದೆಯೇ ನೋಡಿದಳು, ಹಾಗೆ ನೋಡುವುದು ಅವಳಿಗೆ ರೂಢಿ, ಒಂದು ಕೈ ಗಾಳಕ್ಕೆ ಬೂತಾಯಿ ಮೀನಿನ ತುಂಡು ಚುಚ್ಚುತ್ತಿತ್ತು, ಇನ್ನೊಂದು ಕೈ ಗಾಳ ಕಟ್ಟಿದ ಉದ್ದ ಹಗ್ಗ ಸುತ್ತುತ್ತಿತ್ತು, ಗಾಳದ ಹಿಂದೆ ಗಾಳ ಬುಟ್ಟಿಯ ಅಂಚಿನಲ್ಲಿ ಸಾಲಾಗಿ ಕೂರುತ್ತಿದ್ದವು, ಒಂದು ಸಾಲು ತಪ್ಪಿದರೂ ಕಡಲಲ್ಲಿ ಹಗ್ಗ ಬಿಡುವಾಗ ಗಾಳ ಅಪ್ಪನ ಕೈಗೇ ಸಿಕ್ಕೀತು. ಇದು ಕೊನೇ ಬುಟ್ಟಿ ಅಂದಿದ್ದ ಅಪ್ಪ. ಹಿಂದಿನದನ್ನೂ ಕೊನೇದು ಅಂದಿದ್ದ. ಮೀನುಗಾರರ ಊರು ಈ ಕಾರೆಲ್ಮಾಪುವಿನಲ್ಲಿ ತೊರಕೆ ಮೀನು ಹಿಡಿಯಲು ವರ್ಷಕ್ಕೆ ಕೆಲವೇ ದಿನ ಅಪ್ಪಣೆ, ಇವತ್ತು ಮೊದಲ ದಿನ, ಇಳಿತಕ್ಕೆ ದೋಣಿಗಳೆಲ್ಲ ಹೊರಡುತ್ತವೆ, ಅದೇ ಕೆಲವು ದಿನಕ್ಕೆ ವಾಲ್ಡಿವಿಯಾ ಪಟ್ಟಣದಲ್ಲಿ ಮೀನಿನ ಸಂಶೋಧನೆ ಮಾಡುವ ಇಲ್ಸೆ ಮೇಡಂಗೂ ಜನ ಬೇಕು, ಊರೂರಿನ ದಡಕ್ಕೆ ಬಂದ ಒಂದೊಂದು ತೊರಕೆಯನ್ನೂ ಅಳೆದು ಬರೆಯುವವರು. ಬೇಸಿಗೆಯಲ್ಲಿ ಮೇಡಂ ಬಂದಿದ್ದಾಗ, ಬೇರೆ ಮೀನಿನ ಗಾಳಕ್ಕೆ ತಪ್ಪಿ ಬಿದ್ದ ಹಳದಿ ಮೂಗಿನದೊಂದನ್ನು ಸಿಮೆಂಟಿನ ಮೇಲೆ ಮಗುಚಿದಾಗ, ದೂರ ನಿಂತಿದ್ದ ಎಲ್ಸಿರಾ ಇದಿನ್ನೂ ಎಳೇದು ಅಂದುಬಿಟ್ಟಿದ್ದಳು, ಯಾರನ್ನೂ ನೋಡದೆ. ನಿಂಗೆ ಹೇಗೆ ಗೊತ್ತಾಯ್ತು, ಗೊತ್ತಿಲ್ಲ ಮೇಡಂ, ನೋಡ್ತಾ ನೋಡ್ತಾ — ಕೊಯ್ದರೆ ಹೌದು, ಒಳಗೆ ಮೊಟ್ಟೆಯ ಸುಳಿವೇ ಇಲ್ಲ. ಯಾರಿಗೂ ಸರಿಯಾಗಿ ಗೊತ್ತಿಲ್ಲದ ಮೀನು ಕಣೇ ಇದು, ನನ್ ಜೊತೆ ಕೆಲಸಕ್ಕೆ ಬರ್ತೀಯಾ. ಹದಿನಾಲ್ಕಕ್ಕೆ ಶಾಲೆ ಬಿಟ್ಟವಳನ್ನು ಐದು ವರ್ಷದಿಂದ ಯಾರೂ ಏನೂ ಕೇಳಿರಲಿಲ್ಲ, ಗಾಳ ಎಷ್ಟಾಯ್ತು ಅನ್ನುವುದೊಂದನ್ನು ಬಿಟ್ಟು. ಮೊದಲ ದಿನ ವ್ಯಾನು ತರ್ತೀನಿ, ಹತ್ತದಿದ್ರೆ ಬೇರೆ ಹುಡುಗೀನ ಕರ್ಕೊಂಡು ಹೋಗ್ಬೇಕಾಗುತ್ತೆ, ಅಂದಿದ್ದರು ಮೇಡಂ. ಮೀನಿನ ಚಡ್ಡಿ ಬಿಚ್ಚಿ ಗಂಡೋ ಹೆಣ್ಣೋ ನೋಡೋಕೆ ಸಂಬಳ ಕೊಡ್ತಾರಂತೆ ಭಾವ, ಮೊದ್ಲೇ ಹೇಳಿದ್ರೆ ನಾನೇ ಹೋಗ್ತಿದ್ದೆ, ನಂಗೇನು ಕಡಿಮೆ ಅನುಭವವಾ — ಪಕ್ಕದ ಬುಟ್ಟಿಯ ಒಟಿಲಿಯಾ ಚಿಕ್ಕಮ್ಮ, ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕಳು. ಅಪ್ಪ ನಗಲಿಲ್ಲ. ಹೋಗೋಳನ್ನ ನಾನ್ಯಾಕೆ ತಡೀಲಿ, ಇದೊಂದು ಮುಗಿಸಿ ಹೋಗು.

ಹಾರ್ನ್ — ಅಷ್ಟರಲ್ಲಿ ಗಾಳ ಒಳಗೆ ಹೋಗಿತ್ತು, ಬಲಗೈ ಹೆಬ್ಬೆರಳಿನ ಬುಡದ ಮಾಂಸದೊಳಗೆ, ನೋವಿಗೂ ಮೊದಲು ತಣ್ಣಗೆ ಏನೋ, ಗಾಳದ ಹಿಮ್ಮುಳ್ಳೂ ಒಳಗೇ, ಹಿಂದಕ್ಕೆ ಎಳೆದರೆ ಮಾಂಸ ಕಿತ್ತುಕೊಂಡು ಬರುತ್ತದೆ, ಇಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ, ಮುಂದಕ್ಕೇ ತಳ್ಳಬೇಕು, ತುದಿ ಹೊರಗೆ ಬರಬೇಕು, ಹಿಮ್ಮುಳ್ಳು ಕತ್ತರಿಸಬೇಕು, ಆಮೇಲೆ ಜಾರಿಸಬೇಕು. ಚಿಕ್ಕಮ್ಮನೇ ಮೊದಲು ಕಂಡಳು, ಅಯ್ಯೋ ಭಾವ, ಹುಡುಗಿ ಗಾಳಕ್ಕೆ ಬಿದ್ಲು, ಇಕ್ಕಳ ತನ್ನಿ ಇಕ್ಕಳ. ಅಪ್ಪ ಬಂದ, ಹಗ್ಗ ಕತ್ತರಿಸಿದ, ಮಣಿಕಟ್ಟು ಹಿಡಿದ, ಎಷ್ಟು ಮೀನುಗಳ ಬಾಯಿಂದ ಎಷ್ಟು ಗಾಳ ಕಿತ್ತ ಕೈ, ತೊರಕೆಯ ಬಿಳಿ ಹೊಟ್ಟೆಯ ಮೇಲೆ ಮಂಡಿಯೂರಿ ಒಂದೇ ತಿರುವಿಗೆ ತೆಗೆಯುವ ಕೈ, ಈಗ ಸುಮ್ಮನೆ ಹಿಡಿದುಕೊಂಡಿದೆ, ಕಣ್ಣು ವ್ಯಾನಿನ ಮೇಲೆ. ತಡಿ ಮಗಳೇ, ಆತುರ ಮಾಡಿದ್ರೆ ನಂಜಾಗುತ್ತೆ. ಒಮ್ಮೆ ಒಂದು ದೊಡ್ಡ ಹೆಣ್ಣು ತೊರಕೆ ಸಿಕ್ಕಿತ್ತು, ಬಾಯಿಯ ಮೂಲೆಯಲ್ಲಿ ಯಾರದೋ ಹಳೆಯ ಗಾಳ, ತುಕ್ಕು ಹಿಡಿದು ಕಡ್ಡಿಯಷ್ಟಾಗಿತ್ತು, ಸುತ್ತ ಮಾಂಸ ಬೆಳೆದಿತ್ತು, ಅದನ್ನು ಇಟ್ಟುಕೊಂಡೇ ಅದು ವರ್ಷಗಟ್ಟಲೆ ಈಜಿತ್ತು, ತಿಂದಿತ್ತು. ಅಪ್ಪಾ, ತಳ್ಳಿಬಿಡು. ಕೈ ನಡುಗ್ತಿದೆ ಮಗಳೇ, ತಡಿ. ನಡುಗುತ್ತಿರಲಿಲ್ಲ. ಎಂದೂ ಬೇಡ ಅನ್ನದವನು, ಹೋಗು ಅಂತಲೇ ಅನ್ನುವವನು, ಗಾಳ ಒಳಗಿರುವ ತನಕ ಇವಳು ಇಲ್ಲಿರುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದಾನೆ, ಪಾಪ, ಅವನಿಗೂ ಅದು ಗೊತ್ತಿಲ್ಲವೇನೋ. ಇಂಜಿನ್ ಶುರುವಾಯಿತು. ಎಡಗೈಯ ಎರಡು ಬೆರಳಲ್ಲಿ ಅವಳೇ ಗಾಳದ ಕಾಂಡ ಹಿಡಿದಳು, ಬೂತಾಯಿಯ ಜಿಡ್ಡು, ಜಾರಿತು, ಮತ್ತೆ ಹಿಡಿದಳು, ಏ ಎಲ್ಸಿರಾ, ಹುಚ್ಚಾ ನಿಂಗೆ, ಅಂತ ಚಿಕ್ಕಮ್ಮ, ಎಲ್ಸಿರಾ ತಳ್ಳಿದಳು, ಚರ್ಮ ಒಳಗಿನಿಂದ ಮೇಲೆದ್ದಿತು, ಚೂಪಾಗಿ, ಬೆಳ್ಳಗೆ, ಹರಿಯಲಿಲ್ಲ, ಮಣಿಕಟ್ಟಿನ ಮೇಲೆ ಅಪ್ಪನ ಹಿಡಿತ ಬಿಗಿಯಾಯಿತು, ಬಿಡು ಅಪ್ಪಾ, ಅವನು ಬಿಡುವುದಿಲ್ಲ, ಮೇಲೆ ಏರಿನಲ್ಲಿ ಹೊರಟ ವ್ಯಾನಿನ ಟೈರಿನ ಕೆಳಗೆ ಜಲ್ಲಿಯ ಸದ್ದು, ತಳ್ಳುತ್ತಾಳೆ, ಚರ್ಮ ಏಳುತ್ತದೆ, ಒಳಗೆ ತುದಿ, ಬೆಳ್ಳಗೆ, ಹರಿಯುವುದಿಲ್ಲ, ತಳ್ಳುತ್ತಾಳೆ, ಚರ್ಮ ಏಳುತ್ತದೆ, ಬಿಳಿ ತುದಿ, ಚರ್ಮದ ಕೆಳಗೆ ಬಿಳಿ ತುದಿ, ಬಿಳಿ ತುದಿ —