ಕಬ್ಬಿಣದ ಕಣಗಳ ಲೇಪ

ತಂಗಿಯ ಕೆಲಸವೇನೆಂದು ಯಾರಾದರೂ ಕೇಳಿದರೆ ಅಕ್ಕ ಒಂದೇ ಮಾತಲ್ಲಿ ಮುಗಿಸಿಬಿಡುತ್ತಿದ್ದಳು: "ಕಬ್ಬಿಣದ ಪುಡಿಗೆ ಅಂಗಿ ಹೊಲೀತಾಳೆ." ಮಾತೇನೂ ತಪ್ಪಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಅಯಸ್ಕಾಂತದ ಕಣಗಳಿಗೆ ಸಕ್ಕರೆಯಂಥದೊಂದು ಅಂಟನ್ನು ಲೇಪಿಸುವುದು ಅವಳ ಕೆಲಸ. ಅಂಥ ಕಣಗಳನ್ನು ರಕ್ತಕ್ಕೆ ಬಿಟ್ಟರೆ ಎಂಆರ್‌ಐ ಚಿತ್ರದಲ್ಲಿ ಯಕೃತ್ತಿನ ಒಳ್ಳೆಯ ಭಾಗ ಕಪ್ಪಾಗಿ, ಕೆಟ್ಟ ಭಾಗ ಬೆಳ್ಳಗೆ ಎದ್ದು ಕಾಣುತ್ತದೆ. ಲೇಪ ಕೈಕೊಟ್ಟರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳ ಸೇರುತ್ತವೆ.

ಅಕ್ಕನ ಯಕೃತ್ತಿನಲ್ಲೇ ಒಂದು ಮಬ್ಬು ಕಲೆ ಕಂಡಾಗ ತಂಗಿಯೂ ಅವಳ ಜೊತೆ ಆಸ್ಪತ್ರೆಗೆ ಹೋದಳು.

"ಗಂಟೋ, ಹಳೇ ಗಾಯವೋ, ಈ ಚಿತ್ರದಲ್ಲಿ ಹೇಳೋಕಾಗಲ್ಲ," ಎಂದರು ಡಾಕ್ಟರು. "ಸೂಜಿ ಹಾಕಿ ಚೂರು ತೆಗೆದು ನೋಡೋಣ ಅಂದ್ರೆ ದೊಡ್ಡ ರಕ್ತನಾಳದ ಪಕ್ಕದಲ್ಲೇ ಇದೆ. ಸ್ವಲ್ಪ ದಿನ ಕಾದು ಮತ್ತೆ ನೋಡೋಣ."

ಹೊರಗೆ ಬಂದಮೇಲೆ ಅಕ್ಕ ಮೆಲ್ಲಗೆ ಕೇಳಿದಳು, "ನಿಂದೇ ಒಂದು ಸೀಸೆ ತಂದು ಹಾಕ್ಬಾರದೇನೇ?"

"ಇಲಿಗಳಿಗೂ ಇನ್ನೂ ಹಾಕಿಲ್ಲ ಅಕ್ಕ."

"ನನ್ನನ್ನೇ ಒಂದು ಇಲಿ ಅಂದ್ಕೋ."

ಇಬ್ಬರೂ ನಕ್ಕರು.

ಅಂದಿನಿಂದ ತಂಗಿ ಮೈಮೇಲೆ ಎಚ್ಚರವಿಲ್ಲದಂತೆ ದುಡಿದಳು. ಲೇಪ ದಪ್ಪ ಮಾಡಿದಳು, ತೆಳು ಮಾಡಿದಳು, ಕಾಯಿಸುವ ಶಾಖ ಬದಲಿಸಿದಳು. ನೀರಿನಲ್ಲಿ ಕಣಗಳು ಹೇಳಿದ ಮಾತು ಕೇಳುತ್ತಿದ್ದವು. ರಕ್ತದ ಸೀರಮ್ ಬೆರೆಸಿದ್ದೇ ತಡ, ಎಲ್ಲ ಕದಡಿ ಸೀಸೆಯ ತಳದಲ್ಲಿ ಕಂದು ಗಸಿ ಕೂರುತ್ತಿತ್ತು.

ಕೊನೆಗೊಂದು ಬೆಳಗ್ಗೆ ಸೀರಮ್‌ನಲ್ಲೂ ಅದು ತಿಳಿಯಾಗೇ ಉಳಿಯಿತು. ಮರುದಿನವೂ ಹಾಗೇ ಇತ್ತು. ಲ್ಯಾಬಿನ ಮುಖ್ಯಸ್ಥೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಅವಳ ಬೆನ್ನು ತಟ್ಟಿದರು.

"ಮನುಷ್ಯರಿಗೆ ಯಾವಾಗ ಕೊಡಬಹುದು ಮೇಡಂ?"

ಅವರಿಗೆ ಅಕ್ಕನ ವಿಷಯ ಗೊತ್ತಿತ್ತು. ಸೀಸೆಯನ್ನು ಕೆಳಗಿಟ್ಟರು. "ಎಲ್ಲ ಸರಿಹೋದರೂ ವರ್ಷಗಟ್ಟಲೆ ಹಿಡಿಯುತ್ತೆ. ನಿನಗೇ ಗೊತ್ತಲ್ಲಮ್ಮ."

ಗೊತ್ತಿತ್ತು. ಆ ಸಂಜೆ ಸೀಸೆಯನ್ನು ಫ್ರಿಜ್ಜಿನಲ್ಲಿಡಲು ಹೋದಾಗ ಅವಳ ಕೈ ಕೋಟಿನ ಜೇಬಿನತ್ತ ಸರಿಯಿತು. ಹಾಗೇ ನಿಂತಳು. ಅಕ್ಕನ ಮೈಯೊಳಗೆ ಅದು ಏನು ಮಾಡೀತೆಂದು ಅದನ್ನು ಮಾಡಿದವಳಿಗೇ ತಿಳಿಯದು. ಒಳಗಿಟ್ಟು ಬಾಗಿಲು ಮುಚ್ಚಿದಳು.

ಮುಂದಿನ ಸ್ಕ್ಯಾನಿನಲ್ಲಿ ಕಲೆ ದೊಡ್ಡದಾಗಿತ್ತು. ಅದು ಗಂಟೇ ಎಂಬುದರಲ್ಲಿ ಈಗ ಯಾರಿಗೂ ಅನುಮಾನವಿರಲಿಲ್ಲ. ಕತ್ತರಿಸಿ ತೆಗೆಯುವ ಹಂತವನ್ನೂ ಅದು ದಾಟಿತ್ತು.

ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಿನ್ನ ಕೆಲಸ ಏನಾಯ್ತೇ?" ಎಂದಳು.

"ಸರಿಹೋಯ್ತು ಅಕ್ಕ. ಈಗ ಕದಡ್ತಿಲ್ಲ."

"ಹೌದಾ? ಮತ್ತೆ ನಂಗ್ಯಾಕೆ ಹೇಳಲಿಲ್ಲ?"

ತಂಗಿ ಅಕ್ಕನ ಚೀಲ ಹೆಗಲಿಗೇರಿಸಿಕೊಂಡು, ಅವಳ ತೋಳು ಹಿಡಿದು ಲಿಫ್ಟಿಗಾಗಿ ಕಾಯುತ್ತಾ ನಿಂತಳು.