ಮರ ಗಿಡದ ವರ್ಣನೆ

ನನ್ನ ಬಾಯಿ ಎಂಥದ್ದು ಅಂತ ನನಗೆ ಗೊತ್ತು, ಯಾರೂ ಹೇಳಿಕೊಡಬೇಕಾಗಿಲ್ಲ. ಈ ದೇಶಕ್ಕೆ ಬಂದಿಳಿದಾಗ ಮಗಳು ಇನ್ನೂ ಆರು ವರ್ಷದವಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕೂತು ನಾನು ಬೈಯದೆ ಬಿಟ್ಟವರೇ ಇಲ್ಲ. ನಲ್ಲಿಯಲ್ಲಿ ಬಿಸಿನೀರು ಬಾರದಿದ್ದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಮನೆ ಮಾಲೀಕನ ಜನ್ಮ ಜಾಲಾಡಿಬಿಡುತ್ತಿದ್ದೆ. ನಮ್ಮ ಮಾತು ಅವನಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ, ಆದರೂ ಸಂಜೆಯೊಳಗೆ ನಲ್ಲಿ ರಿಪೇರಿಯಾಗುತ್ತಿತ್ತು.

ಹಾಗಾಗಿ, ದೊಡ್ಡವಳಾದ ಮಗಳು ನಮ್ಮ ಸಂಸಾರವನ್ನೇ ಕಾದಂಬರಿ ಮಾಡಿದ್ದಾಳೆ ಎಂದು ಗೊತ್ತಾದಾಗ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಬರೆದಿದ್ದು ಇಲ್ಲಿನ ಭಾಷೆಯಲ್ಲಿ. ನನಗೋ, ಗಿರಾಕಿಗಳ ಹತ್ತಿರ "ಎಷ್ಟು ಉದ್ದ, ಯಾವಾಗ ಬೇಕು" ಅನ್ನುವಷ್ಟು ಮಾತಾಡಲು ಬರುತ್ತದೆಯೇ ಹೊರತು ಓದಲು ಬರುವುದಿಲ್ಲ. ನಮ್ಮ ಯಜಮಾನರು ಜೀವಮಾನವೆಲ್ಲ ಇಲ್ಲಿ ಬಸ್ ಓಡಿಸಿ ನಿವೃತ್ತರಾದವರು, ಸರಾಗವಾಗಿ ಓದುತ್ತಾರೆ. ನನ್ನ ಹೊಲಿಗೆ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಸ್ಟೂಲಿನ ಮೇಲೆ ಕೂತು ಪುಸ್ತಕವನ್ನು ನಮ್ಮ ಮಾತಿಗೆ ತಿರುಗಿಸಿಕೊಂಡು ಓದಿ ಹೇಳಿದರು. ನಾನು ಪ್ಯಾಂಟಿನ ಅಂಚು ಮಡಿಸುತ್ತಾ, ಜಿಪ್ ಬದಲಾಯಿಸುತ್ತಾ ಕೇಳಿಸಿಕೊಂಡೆ.

ಏನು ಪುಸ್ತಕ ಅಂತೀರಿ! ಅದರಲ್ಲಿ ತಾಯಿ ಎಂದರೆ ತಾಯಿ. ನಲ್ಲಿ ಕೆಟ್ಟರೆ ಕೆಳಗಿಳಿದು ಹೋಗಿ ಮಾಲೀಕನನ್ನು ವಿನಯದಿಂದ ಕೇಳಿಕೊಳ್ಳುತ್ತಾಳೆ. ಮಗಳು ಹಾಲು ಚೆಲ್ಲಿದರೆ "ಹೋಗಲಿ ಬಿಡು ಕಂದ" ಎನ್ನುತ್ತಾಳೆ. ನಾನು ಮೆಷಿನ್ ನಿಲ್ಲಿಸಿ, "ಹೀಗೇ ಬರೆದಿದ್ದಾಳೇನ್ರೀ?" ಎಂದು ಕೇಳುತ್ತಿದ್ದೆ.

"ಹೀಗೇ ಬರೆದಿದ್ದಾಳೆ ಕಣೇ."

ಆಗಾಗ ನಾಲ್ಕೈದು ಹಾಳೆ ಒಟ್ಟಿಗೇ ಮಗುಚುತ್ತಿದ್ದರು. "ಅಲ್ಲೇನಿದೆ?" ಎಂದರೆ, "ಏನಿಲ್ಲ, ಬರೀ ಮರ ಗಿಡದ ವರ್ಣನೆ" ಎನ್ನುತ್ತಿದ್ದರು. ಇಟ್ಟಿಗೆ ಗಾತ್ರದ ಪುಸ್ತಕ, ಒಂದು ಕೋಟಿನ ಲೈನಿಂಗ್ ಬದಲಾಯಿಸುವಷ್ಟರಲ್ಲಿ ಮುಗಿದೇ ಹೋಯಿತು. ನಮ್ಮ ಬೀದಿಯಲ್ಲಿ ಅಷ್ಟೊಂದು ಮರ ಎಲ್ಲಿತ್ತಪ್ಪಾ ಎಂದು ಒಂದು ಗಳಿಗೆ ಅನುಮಾನ ಬಂದದ್ದೂ ನಿಜ. ಆದರೆ ಖುಷಿಯಲ್ಲಿ ಯಾರಿಗೆ ಅದರ ಗೊಡವೆ? ಮಗಳು ನನ್ನ ಬೈಗುಳವನ್ನೆಲ್ಲ ಮರೆತುಬಿಟ್ಟಿದ್ದಾಳೆ! ನನ್ನ ಹೊಟ್ಟೆ ತಣ್ಣಗಾಯಿತು. ಅವತ್ತೇ ಫೋನ್ ಮಾಡಿ, "ನಾನು ಹೇಗಿದ್ದೆನೋ ಹಾಗೇ ಬರೆದಿದ್ದೀಯ ಕಣೇ, ತುಂಬಾ ಸಂತೋಷ ಆಯ್ತು" ಎಂದೆ. ಆ ಕಡೆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಆ ಪುಸ್ತಕ ಸಿನಿಮಾ ಆಯಿತು. ಭಾನುವಾರ ಮಧ್ಯಾಹ್ನ ಮೊದಲ ಪ್ರದರ್ಶನ. ಯಜಮಾನರು ಬೇಡವೇ ಬೇಡ ಎಂದರು. "ಪುಸ್ತಕ ಚೆನ್ನಾಗಿತ್ತಲ್ಲ, ಸಿನಿಮಾ ಯಾಕೆ? ಎಲ್ಲಾ ಹಾಳು ಮಾಡಿರ್ತಾರೆ." ಮಂಡಿನೋವು ಎಂದರು, ನೆಗಡಿ ಎಂದರು. ನಾನು ಬಿಡಬೇಕಲ್ಲ, ದರದರ ಎಳೆದುಕೊಂಡೇ ಹೋದೆ.

ಶುರುವಿನಿಂದಲೇ ತಪ್ಪುಗಳು. ಪುಸ್ತಕದಲ್ಲಿ ನಾವು ಬಂದಿಳಿದ ದಿನ ಬಿಸಿಲು, ಸಿನಿಮಾದಲ್ಲಿ ಮಂಜು. ನಮ್ಮ ಎರಡು ಕೋಣೆ ಪರದೆಯ ಮೇಲೆ ಸೈಕಲ್ ಓಡಿಸುವಷ್ಟು ವಿಶಾಲ. ಅಪ್ಪನ ಪಾತ್ರದವನಿಗೆ ತಲೆ ತುಂಬ ಕೂದಲು. ಅದಕ್ಕೆ ಮಾತ್ರ ಯಜಮಾನರು ತಕರಾರು ಮಾಡಲಿಲ್ಲ. ಹೋಗಲಿ ಎಂದುಕೊಂಡೆ. ಅಷ್ಟರಲ್ಲಿ ನಲ್ಲಿ ಕೆಟ್ಟಿತು. ಈಗ ವಿನಯದಿಂದ ಕೆಳಗಿಳಿಯುತ್ತಾಳೆ ಎಂದು ಕಾದರೆ, ಆ ನಟಿ ಕಿಟಕಿ ತೆರೆದು, ಸೊಂಟದವರೆಗೂ ಹೊರಗೆ ಬಾಗಿ ಕಿರುಚಿದಳು ನೋಡಿ! ಬೀದಿಯ ಪಾರಿವಾಳಗಳೆಲ್ಲ ಹಾರಿಹೋದವು. ಹಾಲು ಚೆಲ್ಲಿದಾಗಂತೂ ಇನ್ನೂ ಜೋರು. ಜನ ಬಿದ್ದೂ ಬಿದ್ದೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಾನ ಹೋಯಿತೆಂದಲ್ಲ, ಮಗಳು ಅಷ್ಟು ಪ್ರೀತಿಯಿಂದ ಬರೆದದ್ದನ್ನು ಹೀಗೆ ಕೆಡಿಸಿಟ್ಟರಲ್ಲ ಎಂದು.

ಸಿನಿಮಾ ಮುಗಿದ ಮೇಲೆ ಇದನ್ನು ನಿರ್ದೇಶಿಸಿದ ಹೆಣ್ಣುಮಗಳು ವೇದಿಕೆಗೆ ಬಂದು, ಪ್ರಶ್ನೆಗಳಿದ್ದರೆ ಕೇಳಿ ಎಂದಳು. ಯಜಮಾನರು ನನ್ನ ತೋಳು ಹಿಡಿದು ಜಗ್ಗಿದರು. ನಾನು ಕೊಸರಿಕೊಂಡು ಎದ್ದು ನಿಂತೆ. ಮೈಕ್ ಬೇಕಾಗಲಿಲ್ಲ.

"ಏನಮ್ಮಾ, ನೀನು ಆ ಪುಸ್ತಕ ಓದಿದ್ದೀಯೋ ಇಲ್ವೋ? ಅದ್ರಲ್ಲಿ ತಾಯಿ ಒಂದು ದಿನನಾದ್ರೂ ದನಿ ಎತ್ತಿದ್ದಾಳಾ? ನನ್ನ ಮಗಳು ಬಂಗಾರದಂಥ ತಾಯಿನ ಬರೆದುಕೊಟ್ರೆ ಇಂಥ ಬಜಾರಿ ಮಾಡಿಟ್ಟಿದ್ದೀಯಲ್ಲ, ನಿನ್ನ ಕೈ ಸೇದೋಗ!"

ಜನರೆಲ್ಲ ಕತ್ತು ತಿರುಗಿಸಿ ನನ್ನತ್ತ ನೋಡಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ! ಈಗಷ್ಟೇ ಪರದೆಯ ಮೇಲೆ ಕೇಳಿದ ದನಿಯೇ ಹಿಂದಿನ ಸಾಲಿನಿಂದ ಬಂದಿತ್ತಲ್ಲ. ಆ ಕೊನೆಯ ಬೈಗುಳವನ್ನಂತೂ ನಟಿಯೂ ನಮ್ಮ ಮಾತಿನಲ್ಲೇ ಅಂದಿದ್ದಳು. ನನ್ನ ಇನ್ನೊಂದು ಪಕ್ಕ ಕೂತಿದ್ದ ಮಗಳು ನನ್ನ ಪ್ರಶ್ನೆಯನ್ನು ಇಲ್ಲಿನ ಭಾಷೆಗೆ ತಿರುಗಿಸಿದಳು, ನಿರ್ದೇಶಕಿ ನಗುತ್ತಾ ಕೊಟ್ಟ ಉತ್ತರವನ್ನು ಸಣ್ಣ ದನಿಯಲ್ಲಿ ನನಗೆ ಹೇಳಿದಳು.

"ಅಮ್ಮಾ, ಅವರು ಏನೂ ಸೇರಿಸಿಲ್ವಂತೆ. ಪುಸ್ತಕದಲ್ಲಿ ಇದ್ದದ್ದೇ. ಇನ್ನೂ ಕಡಿಮೆ ಮಾಡಿದ್ದಾರಂತೆ. ಎಲ್ಲಾ ಬೈಗುಳ ಹಾಕಿದ್ರೆ ಎರಡು ಸಿನಿಮಾ ಆಗ್ತಿತ್ತಂತೆ."

ನಾನು ಪಕ್ಕಕ್ಕೆ ತಿರುಗಿದೆ. ಯಜಮಾನರು ಥಿಯೇಟರಿನ ಸೂರನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

"ಮರ ಗಿಡ?" ಎಂದೆ.

"ಮರ ಗಿಡಾನೂ ಇದೆ ಕಣೇ, ಸ್ವಲ್ಪ."

ಹೊರಗೆ ಬಂದ ಮೇಲೆ ಮಗಳಿಗೂ ಎಲ್ಲ ಗೊತ್ತಾಯಿತು. ಅವಳ ಮುಖ ಬಾಡಿಹೋಯಿತು. "ಅಪ್ಪಾ! ಅಮ್ಮ ಎಲ್ಲಾ ಕೇಳಿಸಿಕೊಂಡು ನನ್ನ ಕ್ಷಮಿಸಿದ್ದಾಳೆ ಅಂದ್ಕೊಂಡಿದ್ದೆನಲ್ಲ!"

"ಇರೋಳು ಒಬ್ಬಳು ಹೆಂಡತಿ, ಒಬ್ಬಳು ಮಗಳು," ಎಂದರು ಯಜಮಾನರು. "ನೀವಿಬ್ಬರೂ ಮಾತು ಬಿಟ್ರೆ ನಾನು ಎಲ್ಲಿಗೆ ಹೋಗ್ಲಿ?"

ನಾನು ಬಸ್ ಸ್ಟಾಪಿನ ಕಡೆ ನಡೆದೆ. ಬಸ್ಸಿನಲ್ಲೂ ಮಾತಾಡಲಿಲ್ಲ, ಮನೆಯಲ್ಲೂ ಇಲ್ಲ. ಒಂದೇ ಸಂಕಟ: ನನ್ನ ಮಗಳ ನೆನಪಿನಲ್ಲಿ ನಾನಿರುವುದು ಇಷ್ಟೇ, ಒಬ್ಬ ಬಾಯಿಬಡುಕಿ.

ಮರುದಿನ ಅಂಗಡಿ ತೆರೆದವಳೇ ಹೇಳಿದೆ: "ಪುಸ್ತಕ ತೆಗೀರಿ. ಮೊದಲಿಂದ ಓದಿ. ಈ ಸಲ ಎಕ್ಸ್‌ಪ್ರೆಸ್ ಬೇಡ, ಎಲ್ಲಾ ಸ್ಟಾಪಲ್ಲೂ ನಿಲ್ಲಿಸ್ಕೊಂಡು ಹೋಗಿ."

ಅವರು ಕನ್ನಡಕ ಒರೆಸಿಕೊಂಡು ಶುರು ಮಾಡಿದರು. ಅಬ್ಬಾ, ಒಂದನ್ನೂ ಬಿಟ್ಟಿರಲಿಲ್ಲ ಹುಡುಗಿ! ನಾನೇ ಮರೆತಿದ್ದ ಬೈಗುಳಗಳೂ ಇದ್ದವು. ಒಂದೆರಡು ಎಷ್ಟು ಚೆನ್ನಾಗಿದ್ದವೆಂದರೆ, ಸಂಕಟದಲ್ಲೂ ನಗು ಬಂತು. ಕೊನೆಗೆ ನಲ್ಲಿಯ ಪುಟ ಬಂತು. ಕಿಟಕಿ, ಕಿರುಚಾಟ, ಪಾರಿವಾಳ, ಎಲ್ಲ ಸಿನಿಮಾದ ಹಾಗೆಯೇ. ಆದರೆ ಸಿನಿಮಾ ಅಲ್ಲಿಂದ ಬೇರೆ ಕಡೆಗೆ ಹೋಗಿತ್ತು. ಪುಸ್ತಕದಲ್ಲಿ ಇನ್ನೂ ಸ್ವಲ್ಪ ಇತ್ತು. ಯಜಮಾನರು ನಿಧಾನವಾಗಿ ಓದಿದರು:

"ಬಂದ ಹೊಸದರಲ್ಲಿ ಆ ಬೀದಿಯ ಮನೆಗಳೆಲ್ಲ ನನಗೆ ಒಂದೇ ತರಹ ಕಾಣುತ್ತಿದ್ದವು. ಎಲ್ಲ ಬಾಗಿಲಿಗೂ ಒಂದೇ ಬಣ್ಣ. ಶಾಲೆಯಿಂದ ಬಂದರೆ ನಮ್ಮ ಮನೆ ಯಾವುದೆಂದು ತಿಳಿಯುತ್ತಿರಲಿಲ್ಲ. ಯಾರನ್ನಾದರೂ ಕೇಳಲು ಭಾಷೆ ಬರುತ್ತಿರಲಿಲ್ಲ. ಬೀದಿಯ ತುದಿಯಲ್ಲಿ ನಿಂತು ಕಿವಿಗೊಡುತ್ತಿದ್ದೆ. ಅಮ್ಮ ಯಾರನ್ನೋ ಬೈಯುತ್ತಿರುತ್ತಿದ್ದಳು. ಆ ದನಿಯ ಕಡೆಗೆ ನಡೆಯುತ್ತಿದ್ದೆ."

ಅವರು ನಿಲ್ಲಿಸಿದರು. ನನಗೆ ಸೂಜಿಯೂ ಕಾಣಲಿಲ್ಲ, ದಾರವೂ ಕಾಣಲಿಲ್ಲ. ಅತ್ತುಬಿಟ್ಟೆ, ಮತ್ತೇನು ಮಾಡಲಿ. ಮೂಗು ಒರೆಸಿಕೊಂಡು ಮಗಳಿಗೆ ಫೋನ್ ಹಚ್ಚಿದೆ.

"ಅಮ್ಮಾ?" ಅವಳ ದನಿಯಲ್ಲಿ ಹೆದರಿಕೆ.

ಇಂಥ ಬಾಯಿ ಇಟ್ಟುಕೊಂಡು ಒಂದು ಮಾತು ಹೊರಡಲಿಲ್ಲ.

"ಅಮ್ಮಾ, ಹೀಗೆ ಸುಮ್ನಿರಬೇಡಮ್ಮಾ, ಭಯ ಆಗುತ್ತೆ. ಏನಾದ್ರೂ ಬೈಯಮ್ಮಾ."

"ಅಲ್ವೇ ಕತ್ತೆ!" ಎಂದೆ. "ಮನೆ ಗೊತ್ತಾಗ್ತಿಲ್ಲ ಅಂತ ಒಂದು ದಿನ ಬಾಯಿಬಿಟ್ಟು ಹೇಳೋಕೆ ನಿನಗೇನಾಗಿತ್ತೇ? ಹೊಲಿಗೆಯವಳ ಮಗಳು ನೀನು, ಬಾಗಿಲಿಗೆ ಒಂದು ಕೆಂಪು ಬಟ್ಟೆ ಕಟ್ತಿರಲಿಲ್ವಾ ನಾನು? ಅಷ್ಟುದ್ದ ಬೀದೀಲಿ ಒಬ್ಬಳೇ ನಿಂತ್ಕೋತಿದ್ಳಂತೆ, ಬುದ್ಧಿಗೇಡಿ! ಇದನ್ನ ಊರಿಗೆಲ್ಲಾ ಹೇಳ್ತೀಯ, ಹೆತ್ತ ತಾಯಿಗೆ ಹೇಳೋಕೆ ಆಗಲಿಲ್ವಾ?"

ಹೊರಗೆ ಹೋಗುತ್ತಿದ್ದವರು ನಿಂತು ಅಂಗಡಿಯೊಳಗೆ ಇಣುಕಿದರು. ಯಜಮಾನರು ಪುಸ್ತಕ ಮಡಿಲಲ್ಲಿಟ್ಟುಕೊಂಡು ಹಲ್ಲು ಕಿರಿಯುತ್ತಿದ್ದರು. ಫೋನಿನಲ್ಲಿ ಮಗಳು ಅಳುತ್ತಲೇ ನಗುತ್ತಿದ್ದಳು.

"ಇರಮ್ಮಾ, ಬರ್ತಾ ಇದ್ದೀನಿ," ಎಂದಳು.